ಮಗನ ಪುಸ್ತಕಗಳಿಗೆ ತಾಯಿ ಕಟ್ಟಿಸಿದ ಮನೆ: ಎಲಿನಾರ್ ವೈಡನರ್ ದಾನಪತ್ರದ ಪ್ರಕರಣ ಅಧ್ಯಯನ

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮುಖ್ಯ ಗ್ರಂಥಾಲಯಕ್ಕೆ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ಕಡಲಿನ ಪಾಲಾದ ಯುವಕನೊಬ್ಬನ ಹೆಸರಿದೆ: ಹ್ಯಾರಿ ಎಲ್ಕಿನ್ಸ್ ವೈಡನರ್. ಹತ್ತು ಅಂತಸ್ತುಗಳಲ್ಲಿ ಹರಡಿಕೊಂಡ ಅಲ್ಲಿನ ಪುಸ್ತಕದ ಹಲಗೆಗಳನ್ನು ಒಂದರ ಮುಂದೊಂದು ಜೋಡಿಸಿದರೆ ಸುಮಾರು 92 ಕಿಲೋಮೀಟರ್ ಆಗುತ್ತದೆ. ಹಾಸನದಿಂದ ಹೊರಟು ಬೇಲೂರು ದಾಟಿ ಚಿಕ್ಕಮಗಳೂರು ಮುಟ್ಟಿದರೂ ಆ ಉದ್ದ ಮುಗಿಯುವುದಿಲ್ಲ. ಅದನ್ನು ಕಟ್ಟಿಸಿದವರು ಹ್ಯಾರಿಯ ತಾಯಿ ಎಲಿನಾರ್. ಟೈಟಾನಿಕ್ ಮುಳುಗಿದ ರಾತ್ರಿ ಅವರು ಬದುಕಿ ಬಂದರು. ಗಂಡ ಮತ್ತು ಹಿರಿಯ ಮಗ ಬರಲಿಲ್ಲ.

ಟೈಟಾನಿಕ್ ಕುರಿತು ಬೇಕಾದಷ್ಟು ಬರಹಗಳಿವೆ. ನನ್ನ ಗಮನವಿರುವುದು ಆ ತಾಯಿ ಬರೆಸಿದ ದಾನದ ಷರತ್ತುಗಳ ಮೇಲೆ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತೀರಿಕೊಂಡವರ ನೆನಪಿಗೆ ಶಾಲಾ ಕೊಠಡಿ, ವಾಚನಾಲಯ, ಆಸ್ಪತ್ರೆಯ ವಾರ್ಡು ಕಟ್ಟಿಸಿಕೊಡುವ ಮನೆತನಗಳು ಇಂದಿಗೂ ಇವೆ. ಕಾಲೇಜು ಗ್ರಂಥಾಲಯದಲ್ಲಿ ದುಡಿದು ನಿವೃತ್ತನಾದ ನನ್ನ ಬಳಿಗೆ ಅಂಥವರು ಸಲಹೆಗಾಗಿ ಬರುತ್ತಾರೆ. ಸಕಲೇಶಪುರದ ಕಡೆಯ ಕಾಫಿ ತೋಟದ ಒಂದು ಕುಟುಂಬಕ್ಕೆ ಇತ್ತೀಚೆಗೆ ದಾನಪತ್ರದ ಕರಡು ಸಿದ್ಧಪಡಿಸುವಾಗ ಈ ಪ್ರಕರಣವನ್ನೇ ಮುಂದಿಟ್ಟುಕೊಂಡು ಮಾತನಾಡಿದೆವು. ಆ ಮಾತುಕತೆಯ ವಿವರ ಮುಂದೆ ಬರುತ್ತದೆ.

ಮನೆತನ, ಹಣ, ಮಗ

ಎಲಿನಾರ್ ಹುಟ್ಟಿದ್ದು 1861ರಲ್ಲಿ, ಫಿಲಡೆಲ್ಫಿಯಾದ ಶ್ರೀಮಂತ ವಿಲಿಯಂ ಎಲ್ಕಿನ್ಸ್ ಅವರ ಮಗಳಾಗಿ. ತಂದೆಯ ವ್ಯಾಪಾರದ ಪಾಲುದಾರ ಪೀಟರ್ ವೈಡನರ್. ಪೀಟರ್ ಮಾಂಸದ ವ್ಯಾಪಾರದಿಂದ ಮೇಲೆ ಬಂದವರು; ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಸೇನೆಗೆ ಕುರಿಮಾಂಸ ಪೂರೈಸಿ ಗಳಿಸಿದ ಹಣವನ್ನು ನಗರದ ಟ್ರಾಮ್ ಮಾರ್ಗಗಳಲ್ಲಿ ತೊಡಗಿಸಿದರು. ಎರಡು ಮನೆತನಗಳ ಸಂಪತ್ತೂ ಟ್ರಾಮ್ ಹಳಿಗಳ ಮೇಲೆಯೇ ಬೆಳೆಯಿತು. 1883ರಲ್ಲಿ ಎಲಿನಾರ್ ಪೀಟರ್ ಅವರ ಮಗ ಜಾರ್ಜ್‌ನನ್ನು ಮದುವೆಯಾದರು. ಕುಟುಂಬ ವಾಸವಿದ್ದದ್ದು ಲಿನ್‌ವುಡ್ ಹಾಲ್ ಎಂಬ, ಸುಮಾರು 110 ಕೋಣೆಗಳ ಬಂಗಲೆಯಲ್ಲಿ.

ಈ ಸಂಪತ್ತಿನ ಕಥೆಯಲ್ಲಿ ಮನಸ್ಸನ್ನು ಕಲಕುವ ಒಂದು ಸಂಗತಿ ಇದೆ. ಟೈಟಾನಿಕ್ ಹಡಗು ವೈಟ್ ಸ್ಟಾರ್ ಲೈನ್ ಕಂಪನಿಯದು. ಆ ಕಂಪನಿಯನ್ನು ಕೊಂಡುಕೊಂಡಿದ್ದ ಅಮೆರಿಕದ ದೊಡ್ಡ ಹಡಗು ಸಂಸ್ಥೆಯ ನಿರ್ದೇಶಕರಲ್ಲಿ ಪೀಟರ್ ವೈಡನರ್ ಒಬ್ಬರಾಗಿದ್ದರು. ಅಂದರೆ, ಎಪ್ಪತ್ತು ದಾಟಿದ ಆ ಹಿರಿಯರು ಹಣ ಹೂಡಿದ ಉದ್ಯಮದ ಹಡಗಿನಲ್ಲಿಯೇ ಅವರ ಮಗನೂ ಮೊಮ್ಮಗನೂ ಪ್ರಾಣ ಬಿಟ್ಟರು.

ಹ್ಯಾರಿ ಹುಟ್ಟಿದ್ದು 1885ರಲ್ಲಿ, ಹಾರ್ವರ್ಡ್‌ನಲ್ಲಿ ಓದು ಮುಗಿಸಿದ್ದು 1907ರಲ್ಲಿ. ವಿದ್ಯಾರ್ಥಿಯಾಗಿದ್ದಾಗಲೇ ಹಳೆಯ ಪುಸ್ತಕಗಳ ಗೀಳು ಹತ್ತಿತ್ತು. ಷೇಕ್ಸ್‌ಪಿಯರ್ ನಾಟಕಗಳ 1623ರ ಮೊದಲ ಸಂಪುಟ, ಡಿಕನ್ಸ್ ಮತ್ತು ಸ್ಟೀವನ್‌ಸನ್ ಕೃತಿಗಳ ಮೊದಲ ಮುದ್ರಣಗಳು, ಲೇಖಕರು ತಮ್ಮ ಕೈಯಾರೆ ಸಹಿ ಮಾಡಿ ಕೊಟ್ಟ ಪ್ರತಿಗಳು. ಹೀಗೆ ಸುಮಾರು 3,300 ಪುಸ್ತಕಗಳನ್ನು ಐದಾರು ವರ್ಷಗಳಲ್ಲಿ ಕೂಡಿಸಿದ್ದನು. ಹಣವಿದ್ದುದರಿಂದ ಕೊಂಡ ಎಂದು ಸುಮ್ಮನಾಗಬಹುದು. ಆದರೆ ಅವನು ತನ್ನ ಮರಣಶಾಸನದಲ್ಲಿ ಬರೆಸಿದ ಮಾತು ಅವನ ಮನಸ್ಸನ್ನು ತೋರಿಸುತ್ತದೆ. ಪುಸ್ತಕಗಳೆಲ್ಲ ತಾಯಿಗೆ ಸೇರಬೇಕು. ಅವುಗಳನ್ನು ಸರಿಯಾಗಿ ನೋಡಿಕೊಳ್ಳುವ ಏರ್ಪಾಡನ್ನು ಹಾರ್ವರ್ಡ್ ಮಾಡಿದೆ ಎಂದು ತಾಯಿಗೆ ಅನ್ನಿಸಿದಾಗ ಅವು ಅಲ್ಲಿಗೆ ಹೋಗಬೇಕು. ತನ್ನ ಹೆಸರಿನ ಕಟ್ಟಡ ಬೇಕೆಂದು ಅವನು ಕೇಳಿರಲಿಲ್ಲ. ಪುಸ್ತಕಗಳನ್ನು ಜತನ ಮಾಡಬೇಕು, ಸಂಗ್ರಹಕ್ಕೆ ತನ್ನ ಹೆಸರಿರಬೇಕು ಎಂದಷ್ಟೇ ಕೇಳಿದ್ದನು.

ಆ ರಾತ್ರಿ

1912ರ ಏಪ್ರಿಲ್ 10ರಂದು ಫ್ರಾನ್ಸಿನ ಷೆರ್‌ಬರ್ಗ್ ಬಂದರಿನಲ್ಲಿ ಜಾರ್ಜ್, ಎಲಿನಾರ್ ಮತ್ತು ಹ್ಯಾರಿ ಹಡಗು ಹತ್ತಿದರು. ಜೊತೆಗೆ ಒಬ್ಬ ಸೇವಕ, ಒಬ್ಬ ಸೇವಕಿ. ಅದಕ್ಕೂ ಮೊದಲು ಲಂಡನ್ನಿನಲ್ಲಿ ಹ್ಯಾರಿ ಬೇಕನ್ ಪ್ರಬಂಧಗಳ 1598ರ ಚಿಕ್ಕ ಪ್ರತಿಯೊಂದನ್ನು ಕೊಂಡಿದ್ದನು. ಹಡಗು ಮುಳುಗುವಾಗ ಅದು ಅವನ ಜೇಬಿನಲ್ಲಿತ್ತು ಎಂಬ ಕಥೆ ಪುಸ್ತಕಪ್ರಿಯರ ನಡುವೆ ಹರಡಿದೆ.

ಏಪ್ರಿಲ್ 14ರ ರಾತ್ರಿ ವೈಡನರ್ ದಂಪತಿ ಕಪ್ತಾನ ಎಡ್ವರ್ಡ್ ಸ್ಮಿತ್ ಅವರಿಗೆ ಔತಣ ಕೊಟ್ಟರು. ರಾತ್ರಿ 11.40ಕ್ಕೆ ಹಡಗು ನೀರ್ಗಲ್ಲಿಗೆ ತಾಗಿತು. ಹಡಗಿನಲ್ಲಿದ್ದವರು ಸುಮಾರು 2,200 ಮಂದಿ. ರಕ್ಷಣಾ ದೋಣಿಗಳಲ್ಲಿದ್ದ ಜಾಗ 1,178 ಮಂದಿಗೆ ಮಾತ್ರ. ಎಲಿನಾರ್ ಇಳಿದ 4ನೇ ದೋಣಿಯನ್ನು ಕೆಳಗಿನ ಅಟ್ಟದ ಮಟ್ಟಕ್ಕೆ ತಂದಾಗ ಅಲ್ಲಿನ ಕಿಟಕಿಗಳು ಮುಚ್ಚಿದ್ದವು. ಅವನ್ನು ತೆರೆಯುವವರೆಗೆ ಹೆಂಗಸರು ಕಾಯಬೇಕಾಯಿತು. ಕೊನೆಗೆ ಕಿಟಕಿಯ ಮೂಲಕವೇ ದೋಣಿಗೆ ಇಳಿಯಬೇಕಾಯಿತು. ಗಂಡಂದಿರಿಗೆ ದೋಣಿ ಹತ್ತಲು ಬಿಡಲಿಲ್ಲ. ನಸುಕಿನ 2.20ಕ್ಕೆ ಹಡಗು ಮುಳುಗಿದ ಮೇಲೆ ಆ ದೋಣಿಯವರು ನೀರಿನಲ್ಲಿದ್ದ ಕೆಲವರನ್ನು ಎಳೆದುಕೊಂಡರು. ಸುಮಾರು 1,500 ಮಂದಿ ತೀರಿಕೊಂಡ ಆ ರಾತ್ರಿಯ ನಂತರ ಜಾರ್ಜ್ ಅವರ ದೇಹವಾಗಲಿ ಹ್ಯಾರಿಯ ದೇಹವಾಗಲಿ ಸಿಗಲಿಲ್ಲ.

ದೇಹ ಸಿಗದ ಸಾವಿಗೆ ಸಮಾಧಿ ಇರುವುದಿಲ್ಲ. ಎಲಿನಾರ್ ಅವರ ಮುಂದಿನ ನಡೆಗಳನ್ನು ಅರ್ಥ ಮಾಡಿಕೊಳ್ಳಲು ಇದನ್ನು ನೆನಪಿಡಬೇಕು.

ದಾನ ಮತ್ತು ಅದರ ಷರತ್ತುಗಳು

ಆಗ ಹಾರ್ವರ್ಡ್‌ನ ಗ್ರಂಥಾಲಯವಿದ್ದದ್ದು ಗೋರ್ ಹಾಲ್ ಎಂಬ, 1841ರಲ್ಲಿ ಮುಗಿದ ಕಲ್ಲಿನ ಕಟ್ಟಡದಲ್ಲಿ. ಪುಸ್ತಕ ಹಿಡಿಸದೆ ಬೇರೆ ಬೇರೆ ಕಟ್ಟಡಗಳಿಗೆ ಹಂಚಿಹೋಗಿತ್ತು. ಹೊಸ ಕಟ್ಟಡ ಬೇಕೆಂದು ವಿಶ್ವವಿದ್ಯಾಲಯ ಹಲವು ವರ್ಷಗಳಿಂದ ಹೇಳುತ್ತಿದ್ದರೂ ಹಣವಿರಲಿಲ್ಲ. ಎಲಿನಾರ್ ಮೊದಲು ಯೋಚಿಸಿದ್ದು ಮಗನ ಪುಸ್ತಕಗಳಿಗಾಗಿ ಗೋರ್ ಹಾಲಿಗೆ ಒಂದು ಭಾಗ ಸೇರಿಸುವುದನ್ನು ಮಾತ್ರ. ಮಾತುಕತೆ ಮುಂದುವರಿದಂತೆ ಅದು ಇಡೀ ಹೊಸ ಗ್ರಂಥಾಲಯವಾಗಿ ಬೆಳೆಯಿತು. ಹಳೆಯದನ್ನು ಕೆಡವಿ, 1913ರ ಫೆಬ್ರುವರಿಯಲ್ಲಿ ಕೆಲಸ ಆರಂಭಿಸಿ, 1915ರ ಜೂನ್ 24ರಂದು ಕಟ್ಟಡವನ್ನು ಒಪ್ಪಿಸಿದರು. ದುರಂತ ನಡೆದು ಮೂರು ವರ್ಷ ಕಳೆದು ಎರಡು ತಿಂಗಳಾಗಿತ್ತು, ಅಷ್ಟೇ.

ಗಮನಿಸಬೇಕಾದದ್ದು ಕೊಟ್ಟ ರೀತಿ. ಎಲಿನಾರ್ ವಿಶ್ವವಿದ್ಯಾಲಯದ ಕೈಗೆ ಹಣ ಕೊಡಲಿಲ್ಲ. ತಾವೇ ಕಟ್ಟಿಸಿ, ಮುಗಿದ ಕಟ್ಟಡವನ್ನು ಕೊಟ್ಟರು. ವಾಸ್ತುಶಿಲ್ಪಿಯನ್ನೂ ತಾವೇ ಆರಿಸಿದರು: ಲಿನ್‌ವುಡ್ ಹಾಲ್ ಕಟ್ಟಿದ ಹೊರೇಸ್ ಟ್ರಂಬಾವರ್. ಅವರ ಕಚೇರಿಯ ಮುಖ್ಯ ವಿನ್ಯಾಸಕ ಜೂಲಿಯನ್ ಅಬೆಲ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ವಾಸ್ತುಶಿಲ್ಪ ಪದವಿ ಪಡೆದ ಮೊದಲ ಕಪ್ಪುಜನಾಂಗದ ವಿದ್ಯಾರ್ಥಿ. ವರ್ಣಭೇದ ಬಲವಾಗಿದ್ದ ಆ ದಿನಗಳಲ್ಲಿ ಇಂಥ ಕಟ್ಟಡದ ಹಿಂದೆ ಅವರ ಕೈ ಇತ್ತೆಂಬುದನ್ನು ಬಹುಕಾಲ ಯಾರೂ ಎತ್ತಿ ಹೇಳಲಿಲ್ಲ. ದಾನಿಯ ಹೆಸರು ಕಲ್ಲಿನ ಮೇಲೆ ನಿಂತರೆ ಕಟ್ಟಿದವರ ಹೆಸರು ಮರೆಗೆ ಸರಿಯುವುದು ನಮ್ಮಲ್ಲೂ ಕಾಣುತ್ತದೆ. ಹಾಗಿದ್ದರೂ ಬೇಲೂರಿನ ಶಿಲ್ಪಿಗಳು ಕೆಲವು ವಿಗ್ರಹಗಳ ಪೀಠದಲ್ಲಿ ತಮ್ಮ ಹೆಸರನ್ನು ಕೆತ್ತಿಕೊಂಡರು. ಅದಕ್ಕೆ ಅವಕಾಶವಿತ್ತು ಎಂಬುದೇ ನನಗೆ ಹೊಯ್ಸಳರ ಕಾಲದ ದೊಡ್ಡತನವಾಗಿ ಕಾಣುತ್ತದೆ.

ಷರತ್ತುಗಳಲ್ಲಿ ಮುಖ್ಯವಾದವು ಎರಡು. ಕಟ್ಟಡದ ಹೊರಭಾಗಕ್ಕೆ ಏನನ್ನೂ ಸೇರಿಸಬಾರದು, ಏನನ್ನೂ ಬದಲಿಸಬಾರದು. ಒಳಗಿನ ತೆರೆದ ಅಂಗಳಗಳಲ್ಲಿ ಏನನ್ನೂ ಕಟ್ಟದೆ ಗಾಳಿ ಬೆಳಕಿಗೆ ಬಿಡಬೇಕು. ನಡುಮಧ್ಯದ ಸ್ಮಾರಕ ಕೋಣೆಗಳಲ್ಲಿ ಹ್ಯಾರಿಯ ಪುಸ್ತಕಗಳು, ಅಗ್ಗಿಷ್ಟಿಕೆಯ ಮೇಲೆ ಅವನ ಭಾವಚಿತ್ರ.

ಜನ ಇದಕ್ಕೆ ಇನ್ನೂ ಕೆಲವು ಷರತ್ತುಗಳನ್ನು ಸೇರಿಸಿಕೊಂಡು ಹೇಳುತ್ತಾರೆ. ಮಗ ನೀರಿನಲ್ಲಿ ಸತ್ತದ್ದರಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಈಜು ಕಲಿತಿರಬೇಕೆಂದು ತಾಯಿ ಬರೆಸಿದ್ದರಂತೆ. ಹ್ಯಾರಿಗೆ ಇಷ್ಟವಿದ್ದ ಐಸ್‌ಕ್ರೀಮನ್ನು ಊಟದ ಮನೆಯಲ್ಲಿ ಬಡಿಸಬೇಕೆಂದಿದ್ದರಂತೆ. ಎರಡಕ್ಕೂ ಆಧಾರವಿಲ್ಲ. ಅದು ಹೋಗಲಿ, ಏಪ್ರಿಲ್ ತಿಂಗಳ ಆ ನಡುಗಡಲಿನ ಹಿಮದಂಥ ನೀರಿನಲ್ಲಿ ಈಜು ಬಂದವರೂ ಉಳಿಯಲಿಲ್ಲ. ಕಥೆ ಕಟ್ಟಿದವರಿಗೆ ತಾಯಿಯ ದುಃಖ ಅರ್ಥವಾಗಿತ್ತು, ಅಷ್ಟು ನಿಜ.

ಎಲಿನಾರ್ ಅವರ ನಂತರದ ಬದುಕನ್ನು ಬೇಗ ಹೇಳಿ ಮುಗಿಸಬಹುದು. ಗಂಡ ಮತ್ತು ಮಗನ ನೆನಪಿಗೆ ಎಲ್ಕಿನ್ಸ್ ಪಾರ್ಕ್‌ನ ಇಗರ್ಜಿಯನ್ನು ಹೊಸದಾಗಿ ಕಟ್ಟಿಸಿದರು. 1915ರ ಅಕ್ಟೋಬರ್‌ನಲ್ಲಿ ಭೂಶೋಧಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ರೈಸ್ ಅವರನ್ನು ಮದುವೆಯಾಗಿ, ಅಮೆಜಾನ್ ನದಿಯ ಕಡೆಯ ಪ್ರಯಾಣಗಳಲ್ಲಿ ಅವರ ಜೊತೆಗೂಡಿದರು. ಹಡಗು ದುರಂತದಿಂದ ಪಾರಾದವರು ಮತ್ತೆ ದೋಣಿ ಹತ್ತಿ ಕಾಡುಹೊಳೆಗಳಲ್ಲಿ ಸಾಗಿದ್ದನ್ನು ನಾನು ಗೌರವದಿಂದ ನೆನೆಯುತ್ತೇನೆ. 1937ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು. ಉಳಿದ ಮಗ ಮತ್ತು ಮಗಳು 1944ರಲ್ಲಿ ಮನೆತನದ ಗುಟೆನ್‌ಬರ್ಗ್ ಬೈಬಲ್ಲನ್ನೂ ಹ್ಯಾರಿಯ ಸಂಗ್ರಹಕ್ಕೆ ಸೇರಿಸಿದರು.

ನಮ್ಮ ನೆಲದ ದಾನಪತ್ರಗಳು

ಕನ್ನಡಿಗರಿಗೆ ಎಲಿನಾರ್ ಅಪರಿಚಿತರೆನಿಸಬೇಕಾಗಿಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಯುದ್ಧದಲ್ಲಿ ಗಂಡ ನಾಗದೇವನನ್ನು ಕಳೆದುಕೊಂಡವಳು. ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಮಗನಿಗಾಗಿ ಉಳಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಸಿ ಹಂಚಿಸಿದಳು. ಮುದ್ರಣವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ದುಃಖವನ್ನು ಪುಸ್ತಕದ ಕಡೆಗೆ ತಿರುಗಿಸಿದ ಹೆಣ್ಣುಮಕ್ಕಳ ಸಾಲಿನಲ್ಲಿ ಅವಳು ಎಲಿನಾರ್‌ಗಿಂತ ಒಂಬತ್ತು ಶತಮಾನ ಹಿರಿಯಳು. ಪುಸ್ತಕಗಳನ್ನು ಒಂದೆಡೆ ಕೂಡಿಡದೆ ಹಂಚಿದಳು ಎಂಬುದು ಇಬ್ಬರ ನಡುವಿನ ಮುಖ್ಯ ವ್ಯತ್ಯಾಸ.

ಇನ್ನೂ ಹತ್ತಿರಕ್ಕೆ, ಹಾಸನ ಜಿಲ್ಲೆಯ ಶ್ರವಣಬೆಳಗೊಳಕ್ಕೆ ಬರೋಣ. ಚಂದ್ರಗಿರಿಯ ಮೇಲಿನ ಕತ್ತಲೆ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕ ಗಂಗರಾಜ ತನ್ನ ತಾಯಿ ಪೋಚವ್ವೆಗಾಗಿ ಕಟ್ಟಿಸಿದನು. ಬಾಗಿಲು ಬಿಟ್ಟರೆ ಒಳಗೆ ಬೆಳಕು ಬರಲು ದಾರಿಯಿಲ್ಲದ್ದರಿಂದ ಆ ಹೆಸರು ಬಂತು. ಎಷ್ಟೋ ಶತಮಾನಗಳ ನಂತರ ಮೈಸೂರು ಅರಮನೆಯ ಹೆಣ್ಣುಮಕ್ಕಳಾದ ದೇವೀರಮ್ಮಣ್ಣಿ ಮತ್ತು ಕೆಂಪಮ್ಮಣ್ಣಿ ಅದರ ಮುಂಭಾಗವನ್ನು ಜೀರ್ಣೋದ್ಧಾರ ಮಾಡಿಸಿದರು. ಇದರಿಂದ ಗಂಗರಾಜನ ಹೆಸರಿಗಾಗಲಿ ಪೋಚವ್ವೆಯ ಹೆಸರಿಗಾಗಲಿ ಕುಂದು ಬರಲಿಲ್ಲ. ಮೊದಲ ದಾನದ ಪಕ್ಕದಲ್ಲಿ ಎರಡನೆಯದು ನಿಂತಿತು.

ಈ ಭಾಗದ ದಾನಶಾಸನಗಳನ್ನು ಓದುತ್ತ ಬಂದರೆ ಅವುಗಳ ರಚನೆ ಮನಸ್ಸಿಗೆ ಹತ್ತುತ್ತದೆ. ಕೊಟ್ಟ ಭೂಮಿಯ ಎಲ್ಲೆ, ಅದರ ಆದಾಯ ಯಾವುದಕ್ಕೆ ಸಲ್ಲಬೇಕು, ಯಾರ ವಶಕ್ಕೆ ಕೊಟ್ಟದ್ದು. ಪೂಜೆ, ಆಹಾರದಾನಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವ ವೆಚ್ಚಕ್ಕೆ ಮೊದಲೇ ಗದ್ದೆ ಬಿಟ್ಟುಕೊಡುತ್ತಿದ್ದರು. ಕೊನೆಗೆ ಶಾಪಾಶಯ: ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಕ್ರಿಮಿಯಾಗಿ ಹುಟ್ಟುತ್ತಾನೆ ಎಂಬ ಶ್ಲೋಕ. ಆ ಶಾಪ ತಟ್ಟುವುದು ದಾನವನ್ನು ಕದ್ದವನಿಗೆ. ರಿಪೇರಿ ಮಾಡಿದವನಿಗೆ ತಟ್ಟುವುದಿಲ್ಲ.

ಕಟ್ಟಡ ತುಂಬಿದ ಮೇಲೆ

ವೈಡನರ್ ಗ್ರಂಥಾಲಯ ತಲೆಮಾರುಗಳಿಗೆ ಸಾಕಾಗುತ್ತದೆ ಎಂದುಕೊಂಡಿದ್ದರು. 1930ರ ದಶಕದ ಕೊನೆಯ ಹೊತ್ತಿಗೆ ಹಲಗೆಗಳು ತುಂಬಿದವು. ಹೊರಗೋಡೆಯನ್ನು ಮುಟ್ಟುವಂತಿಲ್ಲ, ಅಂಗಳದಲ್ಲಿ ಕಟ್ಟುವಂತಿಲ್ಲ. ಹೀಗಾಗಿ 1942ರಲ್ಲಿ ಅಪರೂಪದ ಪುಸ್ತಕಗಳಿಗೆ ಹೌಟನ್, 1949ರಲ್ಲಿ ಪದವಿ ವಿದ್ಯಾರ್ಥಿಗಳಿಗೆ ಲಮಾಂಟ್, 1976ರಲ್ಲಿ ನೆಲದಡಿಯಲ್ಲಿ ಪ್ಯೂಸಿ ಎಂಬ ಬೇರೆ ಗ್ರಂಥಾಲಯಗಳು ಎದ್ದವು. ವೈಡನರ್‌ನಿಂದ ಹೌಟನ್‌ಗೆ ಒಂದು ಸೇತುವೆ ಬೇಕಾಯಿತು. ಅದಕ್ಕೆ ಎಲಿನಾರ್ ಅವರ ವಾರಸುದಾರರ ಒಪ್ಪಿಗೆ ಪಡೆದು, ಗೋಡೆ ಒಡೆಯದೆ ಒಂದು ಕಿಟಕಿಯ ಮೂಲಕ ದಾರಿ ಮಾಡಿದರು. 2004ರಲ್ಲಿ ಅದನ್ನೂ ತೆಗೆದರು. ಅದೇ ಹೊತ್ತಿಗೆ ಮುಗಿದ ದೊಡ್ಡ ನವೀಕರಣದಲ್ಲಿ ಒಳ ಅಂಗಳಗಳು ಮೇಲಿನಿಂದ ಬೆಳಕು ಬೀಳುವ ಓದುವ ಕೋಣೆಗಳಾದವು.

ಹಾಗಾದರೆ ಷರತ್ತು ತಪ್ಪೇ? ಪೂರ್ತಿ ತಪ್ಪು ಎನ್ನಲಾರೆ. ಗಾಳಿ ಬೆಳಕಿನ ಷರತ್ತು ಓದುಗರ ಪರವಾಗಿತ್ತು. ಹೊರಭಾಗದ ಷರತ್ತಿನಿಂದಾಗಿ ಒಂದೇ ಕಟ್ಟಡಕ್ಕೆ ತುಂಡುತುಂಡಾಗಿ ಅಂಟಿಸುವುದು ತಪ್ಪಿ, ಬೇರೆ ಬೇರೆ ಉದ್ದೇಶಗಳಿಗೆ ಬೇರೆ ಬೇರೆ ಗ್ರಂಥಾಲಯಗಳು ಬಂದವು. ಹಾರ್ವರ್ಡ್‌ಗೆ ಹಣ, ಜಾಗ ಎರಡೂ ಇದ್ದುದರಿಂದ ಇದು ಸಾಧ್ಯವಾಯಿತು. ಒಂದೇ ಕೊಠಡಿಯ ಶಾಲಾ ಗ್ರಂಥಾಲಯಕ್ಕೆ ಅದೇ ಷರತ್ತು ಹಾಕಿದರೆ ಅದು ಹತ್ತು ವರ್ಷಗಳಲ್ಲಿ ಬೀಗ ಬಿದ್ದ ಉಗ್ರಾಣವಾಗುತ್ತದೆ. ವೈಡನರ್ ಉದ್ಘಾಟನೆಯಾಗಿ ಹದಿನಾರು ವರ್ಷಗಳ ನಂತರ, 1931ರಲ್ಲಿ ನಮ್ಮ ಎಸ್. ಆರ್. ರಂಗನಾಥನ್ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಮುಂದಿಟ್ಟರು. ಗ್ರಂಥಾಲಯ ಬೆಳೆಯುವ ಜೀವಿ ಎಂಬುದು ಐದನೆಯದು. ಬೆಳೆಯುವ ಮಗುವಿಗೆ ಹೊಲಿಸಿದ ಅಂಗಿಯ ಅಳತೆ ಬದಲಾಗಬಾರದು ಎಂದಂತೆ ಇತ್ತು ಎಲಿನಾರ್ ಅವರ ಆ ಒಂದು ಮಾತು.

ನನ್ನ ಅಭಿಪ್ರಾಯ ಇದು: ತಾಯಿಯ ಷರತ್ತಿಗಿಂತ ಮಗನ ಷರತ್ತು ಹೆಚ್ಚು ಗಟ್ಟಿಯಾದದ್ದು. ‘ಸರಿಯಾಗಿ ನೋಡಿಕೊಳ್ಳಿ’ ಎಂಬುದು ಪ್ರತಿ ತಲೆಮಾರಿನವರಿಗೂ ಹೊಸ ಕೆಲಸ ಹಚ್ಚುತ್ತದೆ. ‘ಬದಲಿಸಬೇಡಿ’ ಎಂಬುದು ಒಂದು ದಿನ ಷರತ್ತಿನಿಂದ ನುಣುಚಿಕೊಂಡು ಹೋಗುವುದನ್ನು ಕಲಿಸುತ್ತದೆ.

ಸಕಲೇಶಪುರದ ಕರಡು

ಆ ಕಾಫಿ ತೋಟದ ಕುಟುಂಬದ ಮಗ ಘಾಟಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡಿದ್ದನು. ಓದಿನ ಹುಚ್ಚಿದ್ದ ಹುಡುಗ. ಕನ್ನಡ ಸಾಹಿತ್ಯ, ಹಕ್ಕಿಗಳು, ಕೃಷಿಯ ಪುಸ್ತಕಗಳಿಂದ ಕೋಣೆ ತುಂಬಿತ್ತು. ಅವನು ಓದಿದ ಸರ್ಕಾರಿ ಪ್ರೌಢಶಾಲೆಗೆ ಅವುಗಳನ್ನು ಕೊಟ್ಟು ಒಂದು ಕೊಠಡಿಯನ್ನೂ ಕಟ್ಟಿಸಬೇಕೆಂದು ತಾಯಿ ಬಯಸಿದರು. ಅವರ ಮೊದಲ ಪಟ್ಟಿಯಲ್ಲಿದ್ದವು: ಪುಸ್ತಕಗಳು ಗಾಜಿನ ಬೀರುಗಳಲ್ಲಿರಬೇಕು, ಮನೆಗೆ ಕೊಡಬಾರದು, ಕೊಠಡಿಯನ್ನು ಎಂದಿಗೂ ಬೇರೆ ಕೆಲಸಕ್ಕೆ ಬಳಸಬಾರದು, ಗೋಡೆಯ ಬಣ್ಣವೂ ಬದಲಾಗಬಾರದು.

ಅವರೊಡನೆ ಕಾನೂನಿನಿಂದ ಮಾತು ಆರಂಭಿಸಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ದಾನಕ್ಕೆ ನೋಂದಾಯಿತ ಪತ್ರ, ದಾನಿಯ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಪುಸ್ತಕದಂಥ ಚರಾಸ್ತಿಯನ್ನು ಕೈಗೆ ಒಪ್ಪಿಸಿದರೂ ದಾನವಾಗುತ್ತದೆ. ದಾನಿ ಬದುಕಿರುವಾಗಲೇ ಪಡೆಯುವವರು ಸ್ವೀಕರಿಸಬೇಕು. ಶಾಲೆಯ ಜಾಗ ಸರ್ಕಾರದ್ದಾದ್ದರಿಂದ ಕೊಠಡಿಯ ಅಡಿಪಾಯ ತೆಗೆಯುವ ಮೊದಲು ಇಲಾಖೆಯ ಒಪ್ಪಿಗೆ ಪಡೆಯಬೇಕು. ಇಷ್ಟನ್ನು ಅವರು ಸಲೀಸಾಗಿ ಒಪ್ಪಿದರು.

ಬೀರುಗಳ ಮಾತು ಕಷ್ಟವಾಯಿತು. ಮಲೆನಾಡಿನ ಮಳೆಗಾಲದಲ್ಲಿ ಗಾಳಿಯಾಡದ ಬೀರುವಿನಲ್ಲಿಟ್ಟ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಗೋಡೆಗೆ ತಾಗಿದ ಬೀರುವಿಗೆ ಗೆದ್ದಲು ಹತ್ತುತ್ತದೆ. ಕೈಯಿಂದ ಕೈಗೆ ಹೋಗುವ ಪುಸ್ತಕ ಸವೆದರೂ ಬದುಕಿರುತ್ತದೆ. ನಾನು ಹ್ಯಾರಿಯ ಮರಣಶಾಸನದ ಮಾತನ್ನೂ ಅವನ ತಾಯಿಯ ಷರತ್ತುಗಳನ್ನೂ ಅವರಿಗೆ ವಿವರಿಸಿದೆ. ಕೇಳಿಸಿಕೊಂಡು, “ಆ ತಾಯಿ ಹಾಗೆ ಬರೆಸಿದ್ದು ಯಾಕೆಂದು ನನಗೆ ಗೊತ್ತು ಮೇಷ್ಟ್ರೇ. ಇನ್ನು ಏನೂ ಬದಲಾಗುವುದು ಬೇಡ ಅನ್ನಿಸುತ್ತದೆ” ಎಂದರು. ಷರತ್ತನ್ನು ನಾನು ಆಡಳಿತದ ಕಣ್ಣಿನಿಂದ ನೋಡುತ್ತಿದ್ದೆ. ಅವರು ಅದರೊಳಗಿನಿಂದ ಮಾತನಾಡಿದರು. ಅದಾದ ಮೇಲೆ ನಾನು ವಾದಿಸಲಿಲ್ಲ. ಮುಂದಿನ ಸಲ ಅವರೇ ಹೊಸ ಪಟ್ಟಿ ತಂದರು.

ಈಗಿನ ಕರಡಿನಲ್ಲಿ ಪುಸ್ತಕಗಳು ತೆರೆದ ಕಪಾಟುಗಳಲ್ಲಿರುತ್ತವೆ, ಮಕ್ಕಳು ಮನೆಗೆ ಒಯ್ಯಬಹುದು. ಮಗ ಅಂಚಿನಲ್ಲಿ ಟಿಪ್ಪಣಿ ಬರೆದ ಪ್ರತಿಗಳು ಮಾತ್ರ ಮನೆಯಲ್ಲೇ ಉಳಿಯುತ್ತವೆ. ಹೆಸರಿನ ಫಲಕ ಇರುತ್ತದೆ. ಕೊಠಡಿಯನ್ನು ದೊಡ್ಡದು ಮಾಡಲು, ಕಿಟಕಿ ಇಡಲು ಶಾಲೆಗೆ ಸ್ವಾತಂತ್ರ್ಯವಿರುತ್ತದೆ. ಮಕ್ಕಳ ಸಂಖ್ಯೆ ಇಳಿದು ಶಾಲೆ ಮುಚ್ಚಿದರೆ ಅಥವಾ ಬೇರೆ ಶಾಲೆಯೊಂದಿಗೆ ಸೇರಿದರೆ ಪುಸ್ತಕಗಳು ತಾಲ್ಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೆ ಸೇರುತ್ತವೆ. ನಮ್ಮ ಕಡೆಯ ಸರ್ಕಾರಿ ಶಾಲೆಗಳ ಸ್ಥಿತಿ ಬಲ್ಲವರಿಗೆ ಈ ಕೊನೆಯ ಸಾಲಿನ ಅಗತ್ಯ ತಿಳಿಯುತ್ತದೆ.

ಇನ್ನೂ ತೀರ್ಮಾನವಾಗದಿರುವುದು ನಿರ್ವಹಣೆಯ ವೆಚ್ಚ. ಶಾಲೆಯಲ್ಲಿ ಗ್ರಂಥಪಾಲಕರ ಹುದ್ದೆ ಇಲ್ಲ. ನಿಶ್ಚಿತ ಠೇವಣಿಯ ಬಡ್ಡಿಯಿಂದ ಒಬ್ಬರಿಗೆ ಗೌರವಧನ ಕೊಡಬಹುದೆಂದು ನಾನು ಸೂಚಿಸಿದ್ದೆ. ತಾಯಿಯ ಮಾವ, ಎಂಬತ್ತು ದಾಟಿದವರು, ಬಡ್ಡಿದರ ಇಳಿದರೆ ಏನು ಮಾಡುವಿರಿ ಎಂದು ಕೇಳಿ, ತೋಟದ ಒಂದು ಪಟ್ಟಿಯ ಕರಿಮೆಣಸಿನ ಆದಾಯವನ್ನು ವರ್ಷವರ್ಷವೂ ಇದಕ್ಕೇ ಬಿಡೋಣ ಎಂದರು. ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಗದ್ದೆ ಬಿಟ್ಟವರ ಬುದ್ಧಿಯೇ ಅದು. ಆದರೆ ಮೆಣಸಿಗೆ ಬೆಲೆ ಏರಿಳಿಯುತ್ತದೆ, ಬಳ್ಳಿಗೆ ಸೊರಗುರೋಗ ಬರುತ್ತದೆ, ಮುಂದೆ ತೋಟ ಪಾಲಾಗಬಹುದು. ಅದಕ್ಕಾಗಿ ಠೇವಣಿ ಮತ್ತು ಮೆಣಸಿನ ಪಟ್ಟಿ ಎರಡನ್ನೂ ಸೇರಿಸಿ ಒಂದು ಸಣ್ಣ ಟ್ರಸ್ಟ್ ಮಾಡಬೇಕೇ ಎಂದು ಹಾಸನದ ವಕೀಲರೊಬ್ಬರೊಂದಿಗೆ ಚರ್ಚೆ ನಡೆದಿದೆ. ಟ್ರಸ್ಟಿನಲ್ಲಿ ಶಾಲೆಯ ಮುಖ್ಯ ಶಿಕ್ಷಕರಿಗೆ ಮತ್ತು ಶಾಲಾ ಅಭಿವೃದ್ಧಿ ಸಮಿತಿಯವರಿಗೆ (ಎಸ್‌ಡಿಎಂಸಿ) ಸ್ಥಾನ ಕೊಡಬೇಕೆಂಬುದು ನನ್ನ ಸಲಹೆ. ಕುಟುಂಬದವರು ಮಾತ್ರ ಇದ್ದರೆ ಎರಡನೆಯ ತಲೆಮಾರಿನಲ್ಲಿ ಸಭೆ ಸೇರುವವರೇ ಇರುವುದಿಲ್ಲ. ಇಲಾಖೆಗೆ ಅರ್ಜಿ ಹೋಗಿದೆ. ಒಪ್ಪಿಗೆ ಪತ್ರ ಬಂದ ಮೇಲೆ ನೋಂದಣಿ. ಅಲ್ಲಿಯವರೆಗೆ ಪುಸ್ತಕಗಳ ಪಟ್ಟಿ ಮಾಡುವ ಕೆಲಸವನ್ನು ಅದೇ ಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಶನಿವಾರಗಳಂದು ಮಾಡುತ್ತಿದ್ದಾರೆ.